ಅಂಚಿನ ಹಸಿರು

ಆ ದಿನ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತ ಅವನು ಕನ್ನಡಿಯಲ್ಲಿ ತನ್ನನ್ನು ಎರಡು ಸಲ ನೋಡಿಕೊಂಡ. ಒಂದು ಸಲ ಗಡ್ಡಕ್ಕಾಗಿ, ಇನ್ನೊಂದು ಸಲ ಸುಮ್ಮನೆ. ಮೂವತ್ತಾರು ದಾಟಿದ ಮುಖ. ಕಿವಿಯ ಪಕ್ಕ ನೆರೆತ ಕೂದಲು, ಮೈಕ್ರೋಸ್ಕೋಪಿಗೆ ಒತ್ತಿ ಒತ್ತಿ ಕಣ್ಣಿನ ಕೆಳಗೆ ಬಿದ್ದ ಎರಡು ಗೆರೆ. ಇಷ್ಟು ದಿನ ಇದೇ ಮುಖವನ್ನು ನೋಡಿ, ನಿನಗ್ಯಾಕಪ್ಪಾ ಬೇಕಿತ್ತು ಈ ವಯಸ್ಸಿನಲ್ಲಿ ಇದೆಲ್ಲ, ಎಂದು ಕೇಳುತ್ತಿದ್ದವನು ಇವತ್ತು ಏನನ್ನೂ ಕೇಳಲಿಲ್ಲ. ನಿನ್ನೆ ಮಧ್ಯಾಹ್ನ ಮೂರೂವರೆಗೆ, ಇಪ್ಪತ್ತಾರು ವರ್ಷದ ಹುಡುಗನೊಬ್ಬನ ಅಪೆಂಡಿಕ್ಸಿನಲ್ಲಿ, ಯಾರೂ ಹುಡುಕಲು ಹೋಗದ ಜಾಗದಲ್ಲಿ, ಅವನು ಕ್ಯಾನ್ಸರ್ ಕಂಡುಹಿಡಿದಿದ್ದ. ಊಟಕ್ಕೆ ಕೂತಾಗ ಹೆಂಡತಿಗೆ ಅದನ್ನು ಹೇಳಿದರೆ ಅವಳು, "ಅಯ್ಯೋ ಪಾಪ, ಆ ಹುಡುಗ" ಎಂದು ತಟ್ಟೆಯಿಂದ ಕೈ ತೆಗೆದಿದ್ದಳು. ಅವನೂ, "ಹೌದು, ಪಾಪ" ಎಂದಿದ್ದ. ತನ್ನ ದನಿಯಲ್ಲಿ ಮರುಕಕ್ಕಿಂತ ಪರೀಕ್ಷೆ ಪಾಸಾದವನ ಹುರುಪೇ ಹೆಚ್ಚಿದ್ದದ್ದು ಅವನಿಗೇ ಕೇಳಿಸಿ, ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗಿದ್ದ. ಹಿಂದಿನಿಂದ ಹೆಂಡತಿ, "ಬೇಗ ಸಿಕ್ತಲ್ಲ, ಉಳ್ಕೋತಾನೆ ಬಿಡಿ" ಎಂದಳು. ಆ ಮಾತು ಅವನಿಗೆ ಎಷ್ಟು ಅನುಕೂಲವಾಯಿತೆಂದರೆ, ಅದನ್ನೇ ನೆನೆಯುತ್ತ ನೆಮ್ಮದಿಯಾಗಿ ಮಲಗಿದ.

"ಅಪ್ಪಾ, ನನ್ನ ಗುಲಾಬಿ ಪೆನ್ಸಿಲ್ಲು ಮತ್ತೆ ಮೋಟು ಮಾಡಿದ್ದೀಯ" ಎಂದು ಏಳು ವರ್ಷದ ಮಗಳು ಬಾಗಿಲಲ್ಲಿ ನಿಂತು ದೂರಿದಳು. "ನೇರಳೆದೂ ಅಷ್ಟೇ. ಹಳದಿ, ನೀಲಿ ಎಲ್ಲ ಉದ್ದಕ್ಕಿದೆ, ಅದ್ಯಾಕೆ ನೀನು ಅವನ್ನ ಮುಟ್ಟಲ್ಲ?"

"ನಾಳೆ ಹೊಸದು ತರ್ತೀನಿ ಕಣಮ್ಮ."

"ನಿನ್ನೆನೂ ನಾಳೆ ಅಂದಿದ್ದೆ."

ಮಗಳ ಲೆಕ್ಕ ಸರಿಯಾಗಿತ್ತು; ತಾಯಿ ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಅವನ ಜಗತ್ತಿನಲ್ಲಿ ಇರುವುದೇ ಎರಡು ಬಣ್ಣ ಎಂದು ಆ ಮಗುವಿಗೆ ಹೇಗೆ ಹೇಳುವುದು. ಮನುಷ್ಯನ ಮೈಯಿಂದ ಕತ್ತರಿಸಿ ತೆಗೆದ ಯಾವ ಚೂರೇ ಆಗಲಿ, ಮೇಣದಲ್ಲಿ ಹೂತು, ಕೂದಲಿಗಿಂತ ತೆಳ್ಳಗೆ ಹೆರೆದು, ಬಣ್ಣದಲ್ಲಿ ಅದ್ದಿ ಗಾಜಿನ ಮೇಲೆ ಕೂರಿಸಿದರೆ ಕಣ್ಣಿಗೆ ಕಾಣುವುದು ಗುಲಾಬಿ ಮತ್ತು ನೇರಳೆ. ಎರಡು ವರ್ಷದ ಹಿಂದೆ ಪೆಥಾಲಜಿ ವಿಭಾಗಕ್ಕೆ ಸೇರಿದ ಮೊದಲ ದಿನ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ಬರಿಯ ಮೇಡಂ, ಅವನ ಮುಂದೆ ಒಂದು ಪೆಟ್ಟಿಗೆ ಸ್ಲೈಡು ತಳ್ಳಿ, "ಆರು ತಿಂಗಳು ಕಾಯಿಲೆ ಅನ್ನೋ ಮಾತೇ ಎತ್ತಬೇಡಿ. ಕಂಡಿದ್ದನ್ನ ಬರೆದು ತೋರಿಸಿ. ಬರೆಯೋಕೆ ಬರದಿದ್ರೆ ಕಂಡಿಲ್ಲ ಅಂತ ಅರ್ಥ" ಎಂದಿದ್ದರು. ಹತ್ತು ವರ್ಷ ಕ್ಲಿನಿಕ್ಕಿನಲ್ಲಿ ಕೂತು ದಿನಕ್ಕೆ ನೂರು ಜ್ವರ ನೋಡಿದವನು, ಹೆಂಡತಿಯ ಮುಂದೆ ಅಳುಮೋರೆ ಮಾಡಿ, ನಾನು ಕೊಟ್ಟ ಔಷಧಿಯಿಂದ ವಾಸಿಯಾಯ್ತೋ ತಾನಾಗೇ ವಾಸಿಯಾಯ್ತೋ ಒಂದು ದಿನಾನೂ ಗೊತ್ತಾಗಲಿಲ್ಲ ಕಣೇ, ಎಂದು ಹೇಳಿ ಮತ್ತೆ ಪ್ರವೇಶ ಪರೀಕ್ಷೆ ಬರೆದವನು, ಹೀಗೆ ಮಗಳ ಪೆನ್ಸಿಲ್ಲು ಕದ್ದು ಲಿವರಿನ ಚಿತ್ರ ಬರೆಯುತ್ತ ಕೂತುಬಿಟ್ಟ. ಜೊತೆಗೆ ಸೇರಿದವರೆಲ್ಲ ಇಪ್ಪತ್ತೈದು ಇಪ್ಪತ್ತಾರರ ಮಕ್ಕಳು. ಅವರು ಒಂದೇ ವಾರದಲ್ಲಿ ಅವನಿಗೆ ಅಣ್ಣ ಎಂದು ಹೆಸರಿಟ್ಟರು. ಹೆಸರು ಎಷ್ಟು ಹತ್ತಿತೆಂದರೆ ಅರವತ್ತರ ಹತ್ತಿರದ ಮೇಡಂ ಕೂಡ, "ಏನ್ರೀ ಅಣ್ಣಾ" ಎನ್ನತೊಡಗಿದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅದೂ ತನಗೆ ಸಲ್ಲಬೇಕಾದದ್ದೇ ಎಂಬಂತೆ ಕೂತ. ಅವನ ಮೇಲಿದ್ದ ಅಪವಾದ ಒಂದೇ, ನಿಧಾನ. ಬೇರೆಯವರು ನಲವತ್ತು ಸ್ಲೈಡು ಮುಗಿಸುವ ಹೊತ್ತಿಗೆ ಅವನು ಹದಿನೈದು. ಹಾಗಾಗಿ ಯಾರಿಗೂ ಬೇಡವಾದ ಅಪೆಂಡಿಕ್ಸುಗಳು ತಾವಾಗಿಯೇ ಅವನ ಮೇಜಿಗೆ ಹರಿದು ಬರುತ್ತಿದ್ದವು. ಸಾಲಾಗಿ ಅಪೆಂಡಿಕ್ಸು, ಎಲ್ಲದರಲ್ಲೂ ಅದೇ ಊತ, ಅದೇ ಕೀವು, ರಿಪೋರ್ಟಿನಲ್ಲಿ ಅದೇ ಎರಡು ಸಾಲು. ಅವನಿಗಿಂತ ಒಂದು ವರ್ಷ ಮುಂದಿದ್ದ, ಅವನಿಗಿಂತ ಒಂಬತ್ತು ವರ್ಷ ಚಿಕ್ಕವಳಾದ ಸೀನಿಯರ್ ಹುಡುಗಿ, "ಅಣ್ಣ ನಮ್ಮ ಅಪೆಂಡಿಕ್ಸ್ ಮಂತ್ರಿ" ಎಂದು ಎಲ್ಲರನ್ನೂ ನಗಿಸಿದ್ದಳು. ಅವನೂ ನಕ್ಕಿದ್ದ. ನಕ್ಕು ಬಂದು ಶೌಚಾಲಯದಲ್ಲಿ ಐದು ನಿಮಿಷ ಸುಮ್ಮನೆ ನಿಂತಿದ್ದ. ಅಂಥ ಮಂತ್ರಿಯ ಖಾತೆಯಲ್ಲೇ ನಿನ್ನೆ ಒಂದು ಅಪೆಂಡಿಕ್ಸಿನ ಕೊಳವೆಯ ನಡುವೆ, ದಟ್ಟ ನೇರಳೆಯಾಗಿ, ಒಂದರ ಮೈಮೇಲೊಂದು ಬಿದ್ದ ಅಂಕೆ ತಪ್ಪಿದ ಗ್ರಂಥಿಗಳ ಒಂದು ಚೂರು. ಅವನ ಎದೆ ಧಸಕ್ಕೆಂದಿತು. ಆಮೇಲೆ ಕುಣಿಯಿತು. ಮೇಡಂ ಎರಡು ತಲೆಯ ಮೈಕ್ರೋಸ್ಕೋಪಿನ ಆಚೆ ಬದಿಗೆ ಕೂತು, ಇವನೇ ಈಚೆಯಿಂದ ಸ್ಲೈಡು ನಡೆಸಿ ತೋರಿಸಿದಾಗ, ಅವರು, "ಶಹಬ್ಬಾಸ್ ಕಣ್ರೀ ಅಣ್ಣಾ" ಎಂದರು. ಮೀಟಿಂಗಿಗೆ ಹೊರಟಿದ್ದವರು ನಿಂತುಕೊಂಡೇ ಸರ್ಜನ್ನಿಗೆ ಫೋನು ಮಾಡಿದರು. ಮೇಣದ ಅಚ್ಚಿನಿಂದ ಇನ್ನೂ ಆಳದ ಹೆರೆತ ತೆಗೆಸಲು ಹೇಳಿದರು. ಸರ್ಜನ್ ಹುಡುಗನನ್ನು ಇವತ್ತು ಹನ್ನೊಂದು ಗಂಟೆಗೆ ಬರಹೇಳಿದ್ದ, ಮನೆಯವರನ್ನೂ ಕರೆದುಕೊಂಡು.

ವಿಭಾಗದ ಮೆಟ್ಟಿಲು ಹತ್ತುವಾಗಲೇ, ಚೂರುಗಳು ಕೆಡದಂತೆ ನೆನೆಸಿಡುವ ಫಾರ್ಮಲಿನ್ನಿನ ಘಾಟು ಮೂಗಿಗೆ ಬಂತು. ಮೊದಲ ತಿಂಗಳು ಕಣ್ಣೀರು ಸುರಿಸಿದ ಘಾಟು, ಈಗ ಮನೆಯ ವಾಸನೆಯಷ್ಟೇ ಹಗುರ. ಒಳಗೆ ಅವನಿಗೆ ಬೇಕಾದ ಸಮಾರಂಭವೆಲ್ಲ ಸಿದ್ಧವಾಗಿತ್ತು. ದೊಡ್ಡ ಬೇಟೆ ಹಿಡಿದವರು ಮಾರನೆಯ ದಿನ ಬಿಸ್ಕತ್ತು ತರಬೇಕು ಎಂಬುದು ಅಲ್ಲಿಯ ಕಟ್ಟಳೆ. ಅವನು ಕ್ರೀಮಿನದು ಎರಡು ಪೊಟ್ಟಣ ತಂದಿದ್ದ. ಸೀನಿಯರ್ ಹುಡುಗಿ ಬಾಯ್ತುಂಬ ಬಿಸ್ಕತ್ತು ಇಟ್ಟುಕೊಂಡೇ, "ಅಣ್ಣಾ, ನಿಜವಾಗ್ಲೂ ಹೊಟ್ಟೆಕಿಚ್ಚಾಗ್ತಿದೆ" ಎಂದಳು. ಅವಳು ಹಾಗೆ ಹೇಳಿದ್ದು ನಿಜವಾದ ಮೆಚ್ಚಿಕೆಯಿಂದ. ಅವಳ ಮೇಲೆ ಎರಡು ವರ್ಷದಿಂದ ಕೂಡಿಟ್ಟ ಸಿಟ್ಟೆಲ್ಲ ಕರಗಿ, ಎಷ್ಟು ಒಳ್ಳೆ ಹುಡುಗಿ ಎನ್ನಿಸಿತು. ಮೇಣದ ಕೋಣೆಯಿಂದ ಮೇಣದಮ್ಮ ಸ್ಲೈಡಿನ ತಟ್ಟೆ ಹಿಡಿದು ಬಂದಳು. ಮೂವತ್ತು ವರ್ಷದಿಂದ ಜನರ ಮೈಯ ಚೂರುಗಳನ್ನು ಮೇಣದಲ್ಲಿ ಕೂರಿಸಿ ಹೆರೆಯುವ ಟೆಕ್ನಿಷಿಯನ್ ಆಕೆ. ಬೆರಳ ತುದಿಗಳು ಸದಾ ನುಣ್ಣಗೆ, ಬಾಯಿ ಮಾತ್ರ ಒರಟು.

"ತಗೊಳ್ಳಿ ಅಣ್ಣ, ಆರು ತೆಗ್ದಿದೀನಿ. ಆರರಲ್ಲೂ ಇದೆ ನಿಮ್ಮ ಬೇಟೆ. ಎಲ್ಲೂ ಓಡಿಹೋಗಿಲ್ಲ."

"ನಿಮ್ಮ ಕೈ ಗುಣ ಕಣಮ್ಮ."

"ಕೈ ನಂದು, ಕಣ್ಣು ನಿಮ್ದು. ಬಿಸ್ಕತ್ತು ಎಲ್ಲಿ?"

ಆರರಲ್ಲೂ ಇದೆ. ಹಾಗಾದರೆ ಇನ್ನು ಸಂಶಯವಿಲ್ಲ. ಗಾಜಿನ ಮೇಲೆ ಹೊರಗಿನಿಂದ ಬಂದು ಬಿದ್ದ ಕಸವಾಗಿದ್ದರೆ ಆಳದಲ್ಲಿ ಕಾಣಿಸುತ್ತಿರಲಿಲ್ಲ. ಇದು ಮೇಣದ ಒಳಗೇ ಇದೆ. ಅವನು ತನ್ನ ಮೂಲೆಯ ಮೇಜಿಗೆ ಹೋಗಿ, ಕುರ್ಚಿ ಎಳೆದು, ಮದುವೆಯ ಫೋಟೋ ನೋಡಲು ಕೂತವನ ಹಾಗೆ ಸಾವಕಾಶವಾಗಿ ಮೊದಲನೆಯ ಸ್ಲೈಡು ಇಟ್ಟ. ಪತ್ತೆಹಚ್ಚುವ ಗಡಿಬಿಡಿ ಇಲ್ಲದೆ ಬರಿಯ ಸಂತೋಷಕ್ಕಾಗಿ ನೋಡುವುದು ಬೇರೆಯದೇ ಸುಖ. ಕೊಳವೆಯ ಗೋಡೆ ಗುಲಾಬಿ, ಒಳಗಿನ ಅಂಚು ನೇರಳೆಯ ಸಣ್ಣ ಸಣ್ಣ ಗೂಡು, ಎಲ್ಲ ಅಚ್ಚುಕಟ್ಟು. ನಡುವಿನ ಖಾಲಿಯಲ್ಲಿ ಆ ಚೂರು. ಅದರ ಸುತ್ತ ನಿಧಾನವಾಗಿ ಒಂದು ಪ್ರದಕ್ಷಿಣೆ ಬರುವಂತೆ ಸ್ಲೈಡು ಸರಿಸಿದ. ಚೂರಿನ ಹೊರಬದಿಯಲ್ಲಿ, ಎಷ್ಟು ತೆಳ್ಳಗೆಂದರೆ ಬೆಳಕು ಸ್ವಲ್ಪ ಹೆಚ್ಚಾದರೆ ಮಾಯವಾಗುವಷ್ಟು ತೆಳ್ಳಗೆ, ಒಂದು ಹಸಿರು ಗೆರೆ ಇತ್ತು.

ಅವನು ಕಣ್ಣು ತೆಗೆದ. ಕಿಟಕಿಯ ಆಚೆ ಯಾರೋ ನೀರಿನ ಕ್ಯಾನುಗಳನ್ನು ಇಳಿಸುತ್ತಿದ್ದರು. ಮತ್ತೆ ಕಣ್ಣಿಟ್ಟ. ಹಸಿರು ಅಲ್ಲೇ ಇತ್ತು. ಎರಡನೆಯ ಸ್ಲೈಡಿನಲ್ಲೂ ಇತ್ತು, ಮೂರನೆಯದರಲ್ಲೂ. ಗುಲಾಬಿ ಮತ್ತು ನೇರಳೆಯ ಲೋಕಕ್ಕೆ ಹಸಿರು ತಾನಾಗಿ ಬರುವುದಿಲ್ಲ. ಯಾರಾದರೂ ಕೈಯಾರೆ ಹಚ್ಚಬೇಕು. ಹಚ್ಚುವುದು ಕತ್ತರಿಸುವ ಕೋಣೆಯಲ್ಲಿ, ದೊಡ್ಡ ಗಡ್ಡೆಗಳ ಹೊರಮೈಗೆ, ಅಂಚು ಎಲ್ಲಿದೆಯೆಂದು ಆಮೇಲೆ ತಿಳಿಯಲಿ ಎಂದು. ಅಪೆಂಡಿಕ್ಸಿಗೆ ಯಾರೂ ಬಣ್ಣ ಹಚ್ಚುವುದಿಲ್ಲ. ಹೋದ ಗುರುವಾರ ಬಣ್ಣ ಹಚ್ಚಿದವನು ಅವನೇ. ಕಡ್ಡಿಗೆ ಹತ್ತಿ ಸುತ್ತಿ, ಹಸಿರಿನ ಶೀಷೆಯಲ್ಲಿ ಅದ್ದಿ, ಒಬ್ಬ ಮುದುಕಿಯ ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಯ ಬೆನ್ನಿಗೆ ಬಳಿದಿದ್ದ. ಅದರ ನಂಬರು ಸಾವಿರದ ನಾನೂರ ಹನ್ನೆರಡು. ಅದರ ಹಿಂದೆಯೇ ಹಲಗೆಗೆ ಬಂದ ಈ ಹುಡುಗನ ಅಪೆಂಡಿಕ್ಸು ಸಾವಿರದ ನಾನೂರ ಹದಿಮೂರು. ನಡುವೆ ಬಾಗಿಲಲ್ಲಿ ಸೀನಿಯರ್ ಹುಡುಗಿಯ ತಲೆ ಇಣುಕಿ, "ಅಣ್ಣಾ, ಇನ್ನೂ ಮುಗೀಲಿಲ್ವಾ? ನಾವೆಲ್ಲ ಕ್ಯಾಂಟೀನಿಗೆ ಹೋಗಿ ಬಂದ್ವಿ" ಎಂದಿತ್ತು. ಅವನು ಹಲಗೆ ತೊಳೆದಿದ್ದ. ಚಾಕುವಿನ ಅಲಗು ಬದಲಾಯಿಸಿದ್ದ. ಚಿಮಟ ಮಾತ್ರ ಎಡಗಡೆ, ಒದ್ದೆ ಬಟ್ಟೆಯ ಮೇಲೆ, ಹೇಗಿತ್ತೋ ಹಾಗೇ ಇತ್ತು. ಮೊದಲ ವರ್ಷ ಮೇಡಂ ಅದೇ ಚಿಮಟವನ್ನು ಅವನ ಮೂಗಿನ ಮುಂದೆ ಆಡಿಸಿ, "ಒಬ್ಬರು ಉಂಡ ತಟ್ಟೇಲಿ ಇನ್ನೊಬ್ಬರಿಗೆ ಬಡಿಸ್ತೀರೇನ್ರೀ? ಒರೆಸಿ" ಎಂದದ್ದು, ಒರೆಸಿದ್ದು, ಮತ್ತೆ ಒರೆಸಿದ್ದು, ಸಾವಿರ ಸಲ ಒರೆಸಿದ್ದು ಎಲ್ಲ ನೆನಪಿಗೆ ಬಂತು. ಆ ಒಂದು ಸಲ ಒರೆಸಿದ ನೆನಪು ಮಾತ್ರ ಎಷ್ಟು ತಡಕಾಡಿದರೂ ಸಿಗಲಿಲ್ಲ.

ಹಾಗಾದರೆ ಚಿಮಟಕ್ಕೆ ಅಂಟಿ ಬಂದ ಈ ಚೂರು ಮುದುಕಿಯದು, ಹುಡುಗನಿಗೆ ಏನೂ ಇಲ್ಲ. ಈ ಯೋಚನೆ ಮೊದಲು ಬರಬೇಕಿತ್ತು, ಬಂದದ್ದು ಮೂರನೆಯದಾಗಿ. ಮೊದಲು ಬಂದದ್ದು ಬಿಸ್ಕತ್ತು. ಎರಡನೆಯದು, ಸ್ಲೈಡು ಕೈಜಾರಿ ಒಡೆದರೆ? ಆರೂ ಹೇಗೆ ಕೈಜಾರುತ್ತವೆ, ಮೂರ್ಖ. ಅಥವಾ ಇದು ಬಣ್ಣವೇ ಅಲ್ಲ, ಯಾವುದೋ ಪಿತ್ತದ ಕಲೆ, ಧೂಳು, ಗಾಜಿನ ದೋಷ. ಹೀಗೆ ತನ್ನ ಪರ ತಾನೇ ವಕೀಲಿ ಮಾಡುತ್ತಿರುವಾಗ ಒಳಗಿನಿಂದ ಇನ್ನೊಂದು ನೆನಪು ಕತ್ತು ಹಿಡಿದು ತಿರುಗಿಸಿತು. ನಿನ್ನೆಯೂ ಹಸಿರು ಕಂಡಿತ್ತು. ಮೂರೂವರೆಗೆ, ಎದೆ ಕುಣಿಯುವ ಮುಂಚೆ, ಕಣ್ಣಂಚಿನಲ್ಲಿ ಹಸಿರು ಸುಳಿದಿತ್ತು, ಧೂಳು ಎಂದುಕೊಂಡಿದ್ದ. ಧೂಳು ಎಂದುಕೊಂಡವನು ಮೇಡಂಗೆ ತೋರಿಸುವಾಗ ಸ್ಲೈಡನ್ನು ಕೂದಲೆಳೆಯಷ್ಟು ಬಲಕ್ಕೆ ಯಾಕೆ ಸರಿಸಿದ? ಚೂರಿನ ಚೆಂದದ ಭಾಗ ನಡುವೆ ಬರಲಿ ಎಂದು. ಹಸಿರು ಆಚೆ ಹೋಗಲಿ ಎಂದು. ಎರಡೂ ನಿಜ. ಯಾವುದು ಎಷ್ಟು ನಿಜ ಎಂದು ತೂಗಿ ನೋಡುವ ಧೈರ್ಯ ಅವನಿಗೆ ಆಗಲಿಲ್ಲ. ಅವನಿಗೆ ಕ್ಯಾನ್ಸರ್ ಬೇಕಾಗಿತ್ತು. ಮುಖ ಕಾಣದ ಯಾರದೋ ಹೊಟ್ಟೆಯಲ್ಲಿ ಅದು ಇರಲಿ ಎಂದು ಅವನು ಆಸೆಪಟ್ಟಿದ್ದ, ಸಿಕ್ಕಾಗ ಅಪ್ಪಿಕೊಂಡಿದ್ದ. ತನ್ನ ಬಗ್ಗೆ ತನಗೇ ಅಷ್ಟು ಹೇಸಿಗೆ ಎಂದೂ ಆಗಿರಲಿಲ್ಲ. ಗಡಿಯಾರದಲ್ಲಿ ಹತ್ತೂ ಹತ್ತಾಗಿತ್ತು. ಹನ್ನೊಂದಕ್ಕೆ ಒಬ್ಬ ಗಟ್ಟಿಮುಟ್ಟಾದ ಹುಡುಗ ಬಂದು ಕೂರುತ್ತಾನೆ, ನಿನ್ನ ಕರುಳಿನ ಬಲಭಾಗವನ್ನೆಲ್ಲ ತೆಗೆಯಬೇಕು ಎಂದು ಅವನಿಗೆ ಹೇಳುತ್ತಾರೆ, ಅವನು ನಂಬುತ್ತಾನೆ.

ಮೇಡಂ ತರಗತಿಯಲ್ಲಿದ್ದರು. ಉದ್ದನೆಯ ಕೋಣೆ, ಪರದೆ ಎಳೆದು ಕತ್ತಲು ಮಾಡಿದ್ದು, ಎರಡನೇ ವರ್ಷದ ಅರವತ್ತು ವಿದ್ಯಾರ್ಥಿಗಳು, ಗೋಡೆಯ ತುಂಬ ಮೈಕ್ರೋಸ್ಕೋಪಿನ ಚಿತ್ರ. ಅವನು ಬಾಗಿಲು ತಳ್ಳಿದಾಗ ಗೋಡೆಯ ಮೇಲೆ ಇದ್ದದ್ದು ಅವನದೇ ನಿನ್ನೆಯ ಸ್ಲೈಡು, ಚೆಂದದ ಭಾಗ ನಡುವೆ ಬರುವಂತೆ.

"ಓ, ನೂರು ವರ್ಷ ಆಯಸ್ಸು" ಎಂದರು ಮೇಡಂ. "ನೋಡಿ, ಇದನ್ನ ಹಿಡಿದವರು ಇವರೇ. ಅಪೆಂಡಿಕ್ಸ್ ತಾನೇ ಅಂತ ಉದಾಸೀನ ಮಾಡ್ಲಿಲ್ಲ. ನಿಧಾನಕ್ಕೆ ನೋಡೋದು ಅಂದ್ರೆ ಇದು. ಚಪ್ಪಾಳೆ ತಟ್ರಪ್ಪಾ."

ಅರವತ್ತು ಜೊತೆ ಕೈಗಳು ಚಪ್ಪಾಳೆ ತಟ್ಟಿದವು. ಹಿಂದಿನ ಸಾಲಿನಲ್ಲಿ ಕೂತಿದ್ದ ಸೀನಿಯರ್ ಹುಡುಗಿ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಚಪ್ಪಾಳೆ ನಿಲ್ಲುವವರೆಗೆ ಕಾಯುವುದು ಬಿಟ್ಟು ಅವನಿಗೆ ಬೇರೆ ದಾರಿ ಇರಲಿಲ್ಲ. ಆ ಏಳೆಂಟು ಸೆಕೆಂಡು ಅವನು ನೆಲದ ಟೈಲ್ಸು ಎಣಿಸಿದ.

"ಮೇಡಂ, ಸ್ವಲ್ಪ ಎಡಕ್ಕೆ ಸರಿಸ್ತೀರಾ? ಚೂರಿನ ಹೊರಗಡೆ ಅಂಚು."

ಮೇಡಂ ಸರಿಸಿದರು. ಮೈಕ್ರೋಸ್ಕೋಪಿನಲ್ಲಿ ಕೂದಲೆಳೆಯಷ್ಟಿದ್ದದ್ದು ಗೋಡೆಯ ಮೇಲೆ ತೋಳಿನಷ್ಟು ದಪ್ಪನಾಗಿ, ಎಳೆ ಹುಲ್ಲಿನ ಬಣ್ಣದಲ್ಲಿ, ಮೇಲಿಂದ ಕೆಳಗಿನವರೆಗೆ ನಿಂತಿತು. ಮೇಡಂ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಇದೇನಮ್ಮಾ?" ಎಂದು ಮುಂದಿನ ಸಾಲಿನ ಒಬ್ಬ ಹುಡುಗಿಯನ್ನು ಕೇಳಿದರು.

"ಇಂಕು ಥರ ಇದೆ ಮೇಡಂ" ಎಂದಳು ಅವಳು ಹೆದರುತ್ತ.

"ಥರ ಅಲ್ಲ, ಇಂಕೇ. ಎರಡನೇ ವರ್ಷದ ಮಗೂಗೆ ಕಾಣಿಸ್ತು. ಮೂವತ್ನಾಲ್ಕು ವರ್ಷದಿಂದ ನೋಡ್ತಿರೋ ನನಗೆ ನಿನ್ನೆ ಕಾಣಿಸ್ಲಿಲ್ಲ."

"ನಿಮಗೆ ಕಾಣಿಸೋ ಹಾಗೆ ಇರ್ಲಿಲ್ಲ ಮೇಡಂ" ಎಂದ ಅವನು. ದನಿ ತನ್ನದೋ ಬೇರೆಯವರದೋ ಎನ್ನುವಷ್ಟು ಸಲೀಸಾಗಿ ಬಂತು. "ನಾನೇ ಸ್ಲೈಡು ಸರಿಸಿದ್ದೆ. ನನಗೆ ನಿನ್ನೇನೇ ಕಂಡಿತ್ತು. ಧೂಳು ಅಂದ್ಕೊಂಡೆ. ಅಂದ್ಕೋಬೇಕು ಅನ್ನಿಸ್ತು, ಅದಕ್ಕೆ ಅಂದ್ಕೊಂಡೆ. ಅದು ಹನ್ನೆರಡನೇ ನಂಬರಿನ ಕರುಳಿಂದು. ನಾನು ಚಿಮಟ ಒರೆಸಿಲ್ಲ."

ಕತ್ತಲೆ ಇದ್ದದ್ದು ಒಳ್ಳೆಯದಾಯಿತು. ಮೇಡಂ ಅವನನ್ನು ನೋಡಿದ ಹೊತ್ತು ಎಷ್ಟು ಉದ್ದವೆಂದರೆ, ಅಷ್ಟರಲ್ಲಿ ಅವನು ಮತ್ತೆ ಕ್ಲಿನಿಕ್ಕು ತೆರೆದು, ಬೋರ್ಡು ಬರೆಸಿ, ಮೊದಲ ಜ್ವರದವನ ನಾಡಿ ಹಿಡಿದಿದ್ದ.

"ಕ್ಲಾಸು ಮುಗೀತು ಅಂತ ಯಾರೂ ಏಳಬೇಡಿ" ಎಂದರು ಮೇಡಂ ಕೊನೆಗೆ. "ಕ್ಲಾಸು ಈಗ ಶುರು. ಹೋಗ್ರೀ ಅಣ್ಣಾ, ಹನ್ನೆರಡರದು ತನ್ನಿ. ಪಕ್ಕಪಕ್ಕ ಇಟ್ಟು ತೋರ್ಸೋಣ."

ಹೋಗಿ ತಂದ. ಗೋಡೆಯ ಮೇಲೆ ಎರಡು ಚಿತ್ರ ಅಕ್ಕಪಕ್ಕ ಬಂದವು. ಅದೇ ಗ್ರಂಥಿ, ಅದೇ ಅಂಕೆ ತಪ್ಪಿದ ಸಾಲು, ಅದೇ ಹಸಿರು. ಅವಳಿ ಮಕ್ಕಳನ್ನು ಗುರುತಿಸಿದಷ್ಟು ಸುಲಭ. ಒಬ್ಬರ ಮೈಯ ಚೂರು ಇನ್ನೊಬ್ಬರ ಹೆಸರಿನ ಕೆಳಗೆ ಹೇಗೆ ಬಂದು ಕೂರುತ್ತದೆ, ಆಳದ ಹೆರೆತದಲ್ಲೂ ಇದ್ದರೆ ಏನರ್ಥ, ಇಲ್ಲದಿದ್ದರೆ ಏನರ್ಥ ಎಂದು ಮೇಡಂ ಅವನ ಬಾಯಿಂದಲೇ ಹೇಳಿಸಿದರು. ನಡುನಡುವೆ ಕೊಕ್ಕೆ ಪ್ರಶ್ನೆ ಕೇಳಿ ಬೆವರಿಳಿಸಿದರು. ವಿದ್ಯಾರ್ಥಿಗಳು ಬಗ್ಗಿ ಬಗ್ಗಿ ಬರೆದುಕೊಂಡರು. ಎರಡು ವರ್ಷದಲ್ಲಿ ಅವನ ಮಾತನ್ನು ಯಾರೂ ಅಷ್ಟು ಶ್ರದ್ಧೆಯಿಂದ ಬರೆದುಕೊಂಡಿರಲಿಲ್ಲ. ಒಬ್ಬ ಹುಡುಗ, "ಸರ್, ಚಿಮಟ ಯಾಕೆ ಒರೆಸ್ಲಿಲ್ಲ?" ಎಂದು ಮುಗ್ಧವಾಗಿ ಕೇಳಿದ. "ಅವಸರ ಮಾಡ್ದೆ" ಎಂದ ಅವನು. ಸೀನಿಯರ್ ಹುಡುಗಿ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿದಳು. ಅವಳನ್ನು ನೋಡಿ ಇವನಿಗೇ ಪಾಪ ಎನ್ನಿಸಿತು. ಆ ಪಾಪ ಮಾತ್ರ ನಿಜವಾದದ್ದಾಗಿತ್ತು.

"ಟೈಮೆಷ್ಟು?" ಎಂದರು ಮೇಡಂ ಇದ್ದಕ್ಕಿದ್ದಂತೆ. ಹತ್ತೂ ನಲವತ್ತೈದು. ಸರ್ಜನ್ನಿಗೆ ಫೋನು ಹಚ್ಚಿದರು. ಹೋಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದರು, ಎತ್ತಲಿಲ್ಲ. "ಪೇಶೆಂಟು ಕೂತಿದ್ರೆ ಆತ ಫೋನು ಮುಟ್ಟಲ್ಲ. ಓಡ್ರೀ! ಆ ಅಪೆಂಡಿಕ್ಸಿಂದು ಶೀಷೇಲಿ ಉಳಿದಿರೋದನ್ನೂ ಇವತ್ತೇ ಪೂರ್ತಿ ಮೇಣಕ್ಕೆ ಹಾಕಿಸ್ತೀನಿ, ನಾಳೆ ಎಲ್ಲ ನೋಡಿ ಮುಗಿಸೋಣ. ಆದ್ರೆ ಕ್ಯಾನ್ಸರ್ ಅಂತ ಮಾತ್ರ ಅವರ ಕಿವಿಗೆ ಬೀಳಬಾರದು. ಓಡಿ, ನಿಧಾನ ಆಮೇಲೆ ಮಾಡಿ."

ಅವನು ಓಡಿದ. ಕೊನೆಯ ಸಲ ಯಾವಾಗ ಓಡಿದ್ದೆ ಎಂದು ನೆನಪಿಸಿಕೊಳ್ಳುವಷ್ಟು ದೂರದ ದಾರಿ ಅದು: ಎರಡು ಮಹಡಿ ಇಳಿದು, ಆಂಬುಲೆನ್ಸುಗಳು ನಿಲ್ಲುವ ಅಂಗಳ ದಾಟಿ, ಎದುರಿನ ಕಟ್ಟಡದ ಮೂರು ಮಹಡಿ ಹತ್ತಿ. ಹಿಂದಿನಿಂದ ಮೇಣದಮ್ಮ, "ಅಯ್ಯೋ, ಅಣ್ಣಂಗೆ ಏನಾಯ್ತು?" ಎಂದು ಕೂಗಿದ್ದು ಕೇಳಿಸಿತು. ಏದುಸಿರು ಬಿಡುತ್ತ ಸರ್ಜರಿ ವಿಭಾಗದ ಉದ್ದನೆಯ ಕಾರಿಡಾರಿಗೆ ಬಂದಾಗ ಅವನಿಗೆ ಒಂದು ಗಳಿಗೆ ದಿಕ್ಕು ತಪ್ಪಿತು. ಎರಡು ವರ್ಷದಿಂದ ಅವನು ಜನರನ್ನು ನೋಡಿದ್ದೇ ಚೂರುಗಳಾಗಿ. ಇಲ್ಲಿ ಅವರು ಇಡಿಯಾಗಿ, ಬೆಂಚುಗಳ ಮೇಲೆ, ಟೋಕನ್ನು ಹಿಡಿದುಕೊಂಡು, ಕೆಮ್ಮುತ್ತ, ಜಗಳವಾಡುತ್ತ, ಬಾಳೆಹಣ್ಣು ತಿನ್ನುತ್ತ ಕೂತಿದ್ದರು. ಬಾಗಿಲಲ್ಲಿದ್ದ ಕಾವಲಿನವನು ಕೈ ಅಡ್ಡ ಹಿಡಿದ.

"ಲೈನಲ್ಲಿ ಬನ್ರೀ."

"ನಾನು ಡಾಕ್ಟ್ರು."

ಕಾವಲಿನವನು ಬಣ್ಣ ಬಣ್ಣದ ಕಲೆಯ ಏಪ್ರನ್ನನ್ನು ಮೇಲಿಂದ ಕೆಳಗೆ ನೋಡಿದ. "ಯಾವ ಡಾಕ್ಟ್ರು?"

"ಪೆಥಾಲಜಿ."

"ರಕ್ತ ತೆಗೆಯೋದು ಕೆಳಗಡೆ."

ಬೇರೆ ದಿನವಾಗಿದ್ದರೆ ಈ ಮಾತನ್ನು ಮನೆಗೆ ಹೊತ್ತೊಯ್ದು ವಾರವಿಡೀ ನೋಯುತ್ತಿದ್ದ. ಇವತ್ತು ಕಾವಲಿನವನ ಕಂಕುಳ ಕೆಳಗಿನಿಂದ ನುಗ್ಗಿ ಒಳಗೆ ಹೋದ. ಸರ್ಜನ್ ಮೇಜಿನ ಮೇಲೆ ಎರಡೂ ಕೈ ಜೋಡಿಸಿಟ್ಟು, ಕೆಟ್ಟ ಸುದ್ದಿ ಹೇಳುವವರ ತಗ್ಗಿದ ದನಿಯಲ್ಲಿ, "ನೋಡಿ, ಸ್ವಲ್ಪ ಮನಸ್ಸು ಗಟ್ಟಿ ಮಾಡ್ಕೊಂಡು ಕೇಳ್ಬೇಕು" ಎನ್ನುತ್ತಿದ್ದ. ಎದುರಿಗೆ ತೆಳ್ಳನೆಯ ಹುಡುಗನೊಬ್ಬ, ಪಕ್ಕದಲ್ಲಿ ನಲವತ್ತರ ಹೆಂಗಸು, ಕೈಯಲ್ಲಿ ವಾಹನದ ಬೀಗದ ಕೈ.

"ಸರ್, ಒಂದೇ ನಿಮಿಷ!" ಎಂದು ಅವನು ಕೂಗಿಯೇ ಬಿಟ್ಟ.

ಸರ್ಜನ್ನನ್ನು ಪರದೆಯ ಹಿಂದಕ್ಕೆ ಎಳೆದುಕೊಂಡು ಹೋಗಿ ಪಿಸುದನಿಯಲ್ಲಿ ಎಲ್ಲ ಹೇಳಿದ. ಹಸಿರು, ಹನ್ನೆರಡು, ಹದಿಮೂರು, ಚಿಮಟ. ಆತ ಕಣ್ಣು ಕಿರಿದು ಮಾಡಿ ಕೇಳಿದ.

"ಅಂದ್ರೆ ಆ ಹುಡುಗನಿಗೆ ಇಲ್ವಾ?"

"ಇಲ್ಲ ಸರ್. ಹಸಿರು ನಾನೇ ಹಚ್ಚಿದ್ದು. ಮೇಡಂ ಎರಡನ್ನೂ ಪಕ್ಕ ಇಟ್ಟು ನೋಡಿದ್ರು."

ಸರ್ಜನ್ ಬಯ್ಯುತ್ತಾನೆಂದು ಅವನು ಕಾದ. ಆತ ಪರದೆಯ ಕಂಬಿ ಹಿಡಿದುಕೊಂಡು ಉದ್ದಕ್ಕೆ ಉಸಿರು ಬಿಟ್ಟ. "ಬೆಳಿಗ್ಗೆಯಿಂದ ಹೊಟ್ಟೇಲಿ ಕಲ್ಲು ಇಟ್ಕೊಂಡು ಕೂತಿದ್ದೆ ಕಣ್ರೀ. ತಿಂಡಿ ಇಳೀಲಿಲ್ಲ. ಬಯ್ಯೋದು ಆಮೇಲೆ ಬಯ್ತೀನಿ, ಬಾಕಿ ಇರ್ಲಿ. ಈಗ ನೀವೇ ಹೋಗಿ ಹೇಳಿ. ತಪ್ಪು ನಿಮ್ದು, ನೀವೇ ಹೇಳಿ."

ಎರಡು ವರ್ಷ ಜನರ ಮುಖ ತಪ್ಪಿಸಿ ಗಾಜಿನ ಹಿಂದೆ ಕೂತಿದ್ದವನು ಪರದೆ ಸರಿಸಿ ಹೊರಗೆ ಬಂದ. ಹುಡುಗನ ಕೆನ್ನೆಯ ಮೇಲೆ ಒಂದು ಮೊಡವೆ ಇತ್ತು. ಅಂಗಿಯ ಮೇಲಿನ ಗುಂಡಿ ಕಿತ್ತಿತ್ತು. ಸಾವಿರದ ನಾನೂರ ಹದಿಮೂರು ಎಂಬುದು ಇವನು ಎಂದು ಒಪ್ಪಿಕೊಳ್ಳಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ನಿಮ್ಮದು ಬರೀ ಅಪೆಂಡಿಕ್ಸಿನ ಊತ. ತೆಗ್ದಾಯ್ತು, ಮುಗೀತು" ಎಂದ. "ಉಳಿದ ಒಂದು ಚೂರನ್ನೂ ನೋಡಿ ನಾಳೆ ನಾನೇ ಫೋನು ಮಾಡ್ತೀನಿ."

"ಹಾಗಾದ್ರೆ ಸೋಮವಾರದಿಂದ ಕೆಲ್ಸಕ್ಕೆ ಹೋಗ್ಬಹುದಾ ಸಾರ್?" ಎಂದ ಹುಡುಗ. ಅವನ ಚಿಂತೆ ಅಷ್ಟೇ.

ಹೆಂಗಸು ಮಾತ್ರ ಅಲುಗಲಿಲ್ಲ. "ಮತ್ತೆ ಮನೆಯವರನ್ನ ಕರ್ಕೊಂಡು ಬನ್ನಿ ಅಂದಿದ್ಯಾಕೆ?" ಎಂದಳು. "ನಾನು ಇವನ ಅಕ್ಕ. ಶಾಲೆ ವ್ಯಾನು ಓಡಿಸ್ತೀನಿ. ಹನ್ನೆರಡಕ್ಕೆ ಮಕ್ಳನ್ನ ಬಿಡ್ತಾರೆ, ಸುತ್ತಿ ಬಳಸಿ ಹೇಳ್ಬೇಡಿ."

ಅವನು ಸುತ್ತಿ ಬಳಸಲಿಲ್ಲ. "ನನ್ನಿಂದ ಒಂದು ತಪ್ಪಾಯ್ತು. ಇನ್ನೊಬ್ಬರ ಚೂರು ಇವರದ್ರ ಜೊತೆ ಸೇರ್ಕೊಂಡಿತ್ತು. ಅದನ್ನ ನೋಡಿ ಇವರಿಗೇ ದೊಡ್ಡ ಕಾಯಿಲೆ ಅಂದ್ಕೊಂಡೆ. ಇವತ್ತು ಬೆಳಿಗ್ಗೆ ಗೊತ್ತಾಯ್ತು."

ಹುಡುಗ ಬಾಯಿ ತೆರೆದು ಅಕ್ಕನ ಮುಖ ನೋಡಿದ. ಅಕ್ಕನ ಮುಖ ಮೊದಲು ಬಿಳಿಚಿತು, ಆಮೇಲೆ ಕುತ್ತಿಗೆಯಿಂದ ಕೆಂಪು ಏರಿತು.

"ಮನೆಯವರನ್ನ ಕರ್ಕೊಂಡು ಬನ್ನಿ ಅಂದ್ರೆ ಏನರ್ಥ ಅಂತ ಗೊತ್ತೇನ್ರೀ ನಿಮಗೆ? ನಮ್ಮಪ್ಪಂಗೂ ಹಾಗೇ ಅಂದಿದ್ರು. ಮೂರೇ ತಿಂಗಳು. ನಿನ್ನೆ ಸಾಯಂಕಾಲ ಫೋನು ಬಂದಾಗಿಂದ ನಾನು ಹೇಗಿದ್ದೀನಿ ಗೊತ್ತಾ? ಇವನ ಮುಂದೆ ನಕ್ಕೊಂಡು, ಹಿಂದೆ ಹೋಗಿ ಅಳೋದು. ಬೆಳಿಗ್ಗೆ ಇಪ್ಪತ್ತೆರಡು ಮಕ್ಳನ್ನ ಕೂರಿಸ್ಕೊಂಡು ವ್ಯಾನು ಓಡಿಸ್ದೆ, ದಾರಿ ಕಾಣಿಸ್ತಿರ್ಲಿಲ್ಲ ಕಣ್ರೀ ನನಗೆ! ಓದಿದೋರು ಮಾಡೋ ಕೆಲ್ಸಾನಾ ಇದು? ಒಂದು ಚೂರು ಎತ್ತಿಡೋಕೆ ಬರಲ್ವಾ?"

ಹೊರಗಿನ ಬೆಂಚುಗಳೆಲ್ಲ ಬಾಗಿಲಿಗೆ ಬಂದು ನಿಂತವು. ಕಾವಲಿನವನೂ ಇಣುಕಿದ. ಅವಳು ಅವನ ಜನ್ಮ ಜಾಲಾಡಿದಳು; ಓದು, ಕಣ್ಣು, ಕೈ, ಏಪ್ರನ್ನು ಯಾವುದನ್ನೂ ಬಿಡಲಿಲ್ಲ. ಅವನು, "ತಪ್ಪಾಯ್ತು" ಎಂದ. ಎರಡು ಸಲ ಎಂದ. ಮುಖಕ್ಕೆ ರಾಚಿದ ಹಾಗೆ ಬೀಳುತ್ತಿದ್ದ ಒಂದೊಂದು ಮಾತಿಗೂ ಎದೆಯ ಮೇಲಿನ ಒಂದೊಂದು ಭಾರ ಇಳಿಯುತ್ತಿರುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ನಡುವೆ ಅವಳು ಥಟ್ಟನೆ ನಿಲ್ಲಿಸಿದಳು.

"ಹಾಗಾದ್ರೆ ಆ ಚೂರು ಯಾರದ್ದು?"

"ಇನ್ನೊಬ್ಬರದ್ದು. ವಯಸ್ಸಾದವರು."

"ಅವರಿಗೆ ಗೊತ್ತಾ?"

"ಗೊತ್ತು. ಚಿಕಿತ್ಸೆ ನಡೀತಿದೆ."

ಅವಳು ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸಿದಳು. ಆಮೇಲೆ ತಮ್ಮನ ತಲೆಯ ಮೇಲೆ ಕೈಯಿಟ್ಟಳು, ಅಲ್ಲಿದೆಯೇ ಎಂದು ಖಚಿತ ಮಾಡಿಕೊಳ್ಳುವವಳ ಹಾಗೆ. "ಇವನಿಗೆ ಏನೂ ಇಲ್ಲ ತಾನೇ? ಇನ್ನೊಂದ್ಸಲ ಹೇಳಿ."

"ಏನೂ ಇಲ್ಲಮ್ಮ."

"ಏನೂ ಇಲ್ಲ" ಎಂದು ತಾನೂ ಒಂದು ಸಲ ಅಂದುಕೊಂಡು, ಸೆರಗಿನಿಂದ ಕಣ್ಣು ಮೂಗು ಒರೆಸಿಕೊಂಡು, ಅವಳು ಬಿಟ್ಟ ಕಡೆಯಿಂದಲೇ ಮತ್ತೆ ಶುರುಮಾಡಿದಳು. ದನಿ ಒಡೆದಿತ್ತು, ಆದರೂ ಜೋರಾಗಿತ್ತು. ಹುಡುಗ, "ಸಾಕು ಬಾರೇ ಅಕ್ಕ, ಮಕ್ಳು ಕಾಯ್ತಿರ್ತಾರೆ" ಎಂದು ತೋಳು ಎಳೆದ. ಇನ್ನೂ ಸ್ವಲ್ಪ ಬಯ್ಯಲಿ ಎಂದು, ಬಯ್ಯಿಸಿಕೊಳ್ಳುತ್ತಿದ್ದವನು ತಲೆ ತಗ್ಗಿಸಿಕೊಂಡು, ನಗು ಅಡಗಿಸಿಕೊಂಡು, ಅಲ್ಲೇ ನಿಂತ.